ರಾತ್ರಿಯ ಇಪ್ಪತ್ತೈದು ನಿಮಿಷಕ್ಕೆ ಗಿಟಾರ್

ಪ್ರಶ್ನೆ: ಸರ್, ನಮ್ಮದು ಬಂಗಾರಪೇಟೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಮನೆ ಸೇರುವಾಗ ರಾತ್ರಿ ಎಂಟೂವರೆ. ಗಿಟಾರ್ ತಗೊಂಡು ಒಂದೂವರೆ ವರ್ಷ ಆಯಿತು. ಭಾನುವಾರ ಎರಡು ಗಂಟೆ ಕೂರುತ್ತೇನೆ, ಬೇರೆ ದಿನ ಮುಟ್ಟುವುದಿಲ್ಲ. ಜಿ, ಸಿ, ಡಿ, ಇ ಮೈನರ್, ಎ ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತವೆ. ಎಫ್ ಬರುವುದೇ ಇಲ್ಲ. ಕಾರ್ಡ್ ಬದಲಿಸುವಾಗ ಹಾಡು ನಿಂತುಹೋಗುತ್ತದೆ. ಇಷ್ಟು ದಿನದಲ್ಲಿ ಕಲಿತಿದ್ದು ಅವೇ ಮೂರು ಹಾಡಿನ ಮೊದಲ ಅರ್ಧ. ಒಂದು ಟೈಮ್‌ಟೇಬಲ್ ಹಾಕಿಕೊಡುತ್ತೀರಾ? ಗಿಟಾರ್ ಬದಲಿಸಿದರೆ ಏನಾದರೂ ಪ್ರಯೋಜನ ಇದೆಯಾ?

ಉತ್ತರ: "ಅವೇ ಮೂರು ಹಾಡಿನ ಮೊದಲ ಅರ್ಧ" ಅಂತ ನೀವೇ ಬರೆದಿದ್ದೀರಿ ನೋಡಿ, ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು. ಆ ಮೊದಲ ಅರ್ಧವನ್ನು ನೀವು ನೂರಾರು ಸಲ ಬಾರಿಸಿರುತ್ತೀರಿ. ಕೈ ಸಿಕ್ಕಿಕೊಳ್ಳುವ ಜಾಗ ಬರುತ್ತದೆ, ನಿಲ್ಲಿಸುತ್ತೀರಿ, ಮತ್ತೆ ಮೊದಲಿನಿಂದ ಶುರು. ಬರುವುದು ಇನ್ನೂ ಚೆನ್ನಾಗಿ ಬಂತು. ಬಾರದ್ದು ಹಾಗೇ ಉಳಿಯಿತು. ಎರಡು ಗಂಟೆಯಲ್ಲಿ ಆ ಕಷ್ಟದ ಜಾಗದ ಮೇಲೆ ಕೈ ಇದ್ದದ್ದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದರೆ ಐದು ನಿಮಿಷವೂ ಆಗುವುದಿಲ್ಲ, ಅಲ್ವಾ?

ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರೆ. ತಪ್ಪು ಹಾಡಿದರೆ ಆ ತಪ್ಪೂ ರಾಗವಾಗಿ ಕೂತುಬಿಡುತ್ತದೆ ಅನ್ನುವುದನ್ನು ಗಾದೆ ಹೇಳುವುದಿಲ್ಲ. ಕೈಗೆ ಸರಿ ತಪ್ಪು ಗೊತ್ತಿಲ್ಲ. ಎಷ್ಟು ಸಲ ಮಾಡಿಸಿದಿರಿ ಅನ್ನುವುದೊಂದೇ ಅದಕ್ಕೆ ಗೊತ್ತು. ನೀವು ಪ್ರತಿ ಭಾನುವಾರ "ಸಿ ಬಾರಿಸು, ನಿಲ್ಲು, ಎಡಗೈ ನೋಡು, ಬೆರಳು ಒಂದೊಂದಾಗಿ ಇಡು" ಅಂತ ಕೈಗೆ ಹೇಳಿಕೊಟ್ಟಿದ್ದೀರಿ. ಅದು ಹೇಳಿದ ಹಾಗೇ ಮಾಡುತ್ತಿದೆ.

ನಾನು ಕಲಿತದ್ದು ಕೆಜಿಎಫ್‌ನಲ್ಲಿ, ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ. ಹೇಳಿಕೊಟ್ಟವರು ಚರ್ಚಿನ ಹಾಡಿನ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಗಣಿ ಕೆಲಸಗಾರರು. ಶಿಫ್ಟಿಗೆ ಹೊರಡುವ ಮುಂಚೆ ಅರ್ಧ ಗಂಟೆ ಅವರಿಗೆ ಸಿಗುತ್ತಿತ್ತು, ಅಷ್ಟೇ. ಸೈರನ್ ಕೂಗಿದರೆ ಪಾಠ ಮುಗೀತು. ನಾನು ಹೊಸ ಹಾಡು ಕೇಳಿದಾಗಲೆಲ್ಲ "ತಂಬಿ, ನಿನ್ನೆ ಎಲ್ಲಿ ಎಡವಿದೆ, ಅಲ್ಲಿಂದ ಬಾರಿಸು" ಅನ್ನುತ್ತಿದ್ದರು. ಮೊದಲಿನಿಂದ ಬಾರಿಸಲು ಬಿಡುತ್ತಲೇ ಇರಲಿಲ್ಲ. ಆಗ ತುಂಬ ಸಿಟ್ಟು ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು, ಅವರು ಊರು ಬಿಟ್ಟರು. ಈಗ ಕೋಲಾರದಲ್ಲಿ ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ನಾನು ಹೇಳುವುದೂ ಅದೇ ಮಾತು. ಅವರಿಗೂ ಸಿಟ್ಟು ಬರುತ್ತದೆ.

ಈಗ ನಿಮ್ಮ ಭಾನುವಾರದ ಲೆಕ್ಕಕ್ಕೆ ಬರೋಣ. ಎರಡು ಗಂಟೆ ಅಂದರೆ 120 ನಿಮಿಷ. ಅದನ್ನೇ ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ. ಸಮಯ ಅಷ್ಟೇ, ಫಲ ಮಾತ್ರ ತುಂಬ ಬೇರೆ. ಒಂದು ಕಾರಣ ಚರ್ಮದ್ದು. ಬೆರಳ ತುದಿ ಗಟ್ಟಿಯಾಗಬೇಕಾದರೆ ದಿನಾ ಸ್ವಲ್ಪ ಉಜ್ಜಬೇಕು. ವಾರಕ್ಕೊಮ್ಮೆ ಎರಡು ಗಂಟೆ ಉಜ್ಜಿದರೆ ಬೊಬ್ಬೆ ಬರುತ್ತದೆ, ಮುಂದಿನ ಭಾನುವಾರದೊಳಗೆ ಮತ್ತೆ ಮೆತ್ತಗಾಗುತ್ತದೆ. ಇನ್ನೊಂದು ಕಾರಣ ನಿದ್ದೆ. 2002ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಬಲಗೈ ರೂಢಿಯವರಿಗೆ ಎಡಗೈ ಬೆರಳುಗಳಿಂದ 4-1-3-2-4 ಅಂತ ಕೀಲಿ ಒತ್ತುವುದನ್ನು ಕಲಿಸಿದರು. ರಾತ್ರಿ ನಿದ್ದೆ ಮಾಡಿ ಎದ್ದವರ ವೇಗ ಸುಮಾರು ಶೇ. 20ರಷ್ಟು ಹೆಚ್ಚಿತ್ತು. ನಡುವೆ ಯಾರೂ ಅಭ್ಯಾಸ ಮಾಡಿರಲಿಲ್ಲ. ಅಷ್ಟೇ ಗಂಟೆ ಎಚ್ಚರವಾಗಿ ಕಳೆದವರಿಗೆ ಈ ಲಾಭ ಸಿಗಲಿಲ್ಲ. ಎಡಗೈ ಬೆರಳು ನೋಡಿ, ನಮ್ಮ ಕಷ್ಟವೂ ಅಲ್ಲೇ ಇರುವುದು. ನಿಮ್ಮ ಕೈಗೆ ವಾರದಲ್ಲಿ ಇಂಥ ಒಂದೇ ರಾತ್ರಿ ಸಿಗುತ್ತಿದೆ. ಆರು ಸಿಗುವ ಹಾಗೆ ಮಾಡಿಕೊಳ್ಳಿ. ಕೆಲಸದಿಂದ ಬಂದು ರಾತ್ರಿ ಕೂರಬೇಕಲ್ಲ ಅಂತ ಬೇಜಾರು ಬೇಡ. ಮಲಗುವ ಮುಂಚಿನ ಅಭ್ಯಾಸ ಕೆಟ್ಟದ್ದೇನಲ್ಲ.

ಟೈಮ್‌ಟೇಬಲ್‌ಗೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಗಿಟಾರನ್ನು ಬ್ಯಾಗಿನಿಂದ ಹೊರಗೆ ತೆಗೆಯಿರಿ. ಗೋಡೆಗೆ ಒಂದು ಹ್ಯಾಂಗರ್ ಹೊಡೆಸಿ, ಇಲ್ಲವೇ ಸ್ಟ್ಯಾಂಡ್ ತನ್ನಿ. ಬೀರುವಿನ ಮೇಲೆ ಜಿಪ್ ಹಾಕಿದ ಬ್ಯಾಗಿನಲ್ಲಿರುವ ಗಿಟಾರನ್ನು ದಣಿದು ಬಂದ ಮನುಷ್ಯ ಇಳಿಸುವುದಿಲ್ಲ. ನಾನೂ ಇಳಿಸುವುದಿಲ್ಲ. ಬಿಸಿಲು ಬೀಳುವ ಕಿಟಕಿ ಪಕ್ಕ ಮಾತ್ರ ಬೇಡ. ನಮ್ಮ ಕಡೆ ಬೇಸಿಗೆಯ ಒಣ ಹವೆಗೆ ಮರ ಕುಗ್ಗುತ್ತದೆ, ಫ್ರೆಟ್‌ಗಳ, ಅಂದರೆ ಗಿಟಾರಿನ ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳ, ತುದಿಗಳು ಕೈಗೆ ಚುಚ್ಚಲು ಶುರುವಾಗುತ್ತವೆ. ಇನ್ನು, ಸ್ಟೇಷನ್ನಿಂದ ಬರುತ್ತಾ ಪಾನಿಪುರಿ ತಿಂದಿದ್ದರೆ ಕೈ ಸೋಪು ಹಾಕಿ ತೊಳೆದು ಕೂರಿ. ನಿಮ್ಮೂರಿನ ಪಾನಿ ನೋಡಲು ಬರೀ ನೀರಿನ ಹಾಗೆ ತಿಳಿಯಾಗಿರುತ್ತದೆ, ನಿಜ. ಆದರೂ ಅದರ ಉಪ್ಪು, ಹುಳಿ ತಂತಿಗೆ ಒಳ್ಳೆಯದಲ್ಲ.

ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ. ಐದು ನಿಮಿಷ ಕೈ ಬಿಸಿ ಮಾಡುವುದಕ್ಕೆ, ಎಂಟು ಸಂದಿಗೆ, ಉಳಿದ ಹನ್ನೆರಡು ಹಾಡಿಗೆ. "ಸಂದು" ಅನ್ನುವುದು ನನ್ನ ಪದ, ಆಮೇಲೆ ಹೇಳುತ್ತೇನೆ.

ಮೊದಲು ಟ್ಯೂನ್ ಮಾಡಿ. ಫೋನಿನಲ್ಲಿ ಟ್ಯೂನರ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಶ್ರುತಿ ತಪ್ಪಿದ ಗಿಟಾರ್ ಬಾರಿಸುತ್ತಾ ಹೋದರೆ ಕಿವಿ ಕೆಡುತ್ತದೆ.

ಆಮೇಲೆ ಬೆರಳಿಗೆ. ಎಲ್ಲ ಕಡೆ 1-2-3-4 ಅಂತ ಫ್ರೆಟ್ ಹತ್ತಿಸುವ ಅಭ್ಯಾಸ ಕೊಡುತ್ತಾರೆ. ಕೆಟ್ಟದ್ದೇನಲ್ಲ, ಆದರೆ ಕೇಳಲು ಬೋರು. ನಾನು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕೊಡುತ್ತೇನೆ. ನಮ್ಮ ಮಕ್ಕಳು ಪಾಠ ಶುರು ಮಾಡುವ ಮಾಯಾಮಾಳವಗೌಳ ರಾಗ ಗಿಟಾರಿನ ತಲೆ ಕಡೆಯ ನಾಲ್ಕು ಫ್ರೆಟ್‌ಗಳಲ್ಲಿ ಹೊಲಿದು ಕೊಟ್ಟ ಹಾಗೆ ಕೂರುತ್ತದೆ. ಸಿ ಸ್ವರವನ್ನು ಷಡ್ಜ ಮಾಡಿಕೊಳ್ಳಿ. ತೀರ ತೆಳ್ಳಗಿನ ತಂತಿ ಒಂದನೆಯದು ಅಂತ ಎಣಿಸಿದರೆ, ಐದನೇ ತಂತಿಯ ಮೂರನೇ ಫ್ರೆಟ್ ಸ, ಅದೇ ತಂತಿಯ ನಾಲ್ಕನೇ ಫ್ರೆಟ್ ರಿ. ನಾಲ್ಕನೇ ತಂತಿಯ ಎರಡನೇ ಫ್ರೆಟ್ ಗ, ಮೂರನೇ ಫ್ರೆಟ್ ಮ. ಮೂರನೇ ತಂತಿ ಖಾಲಿ ಮೀಟಿದರೆ ಪ, ಅದರ ಒಂದನೇ ಫ್ರೆಟ್ ದ. ಎರಡನೇ ತಂತಿ ಖಾಲಿ ಮೀಟಿದರೆ ನಿ, ಒಂದನೇ ಫ್ರೆಟ್ ಮೇಲಿನ ಸ. ತಂತಿಗೆ ಎರಡೆರಡು ಸ್ವರ, ಎಂಟು ಮುಗಿಯಿತು. ಮೂರನೇ ಫ್ರೆಟ್‌ಗೆ ಉಂಗುರಬೆರಳು, ನಾಲ್ಕಕ್ಕೆ ಕಿರುಬೆರಳು, ಎರಡಕ್ಕೆ ನಡುಬೆರಳು, ಒಂದಕ್ಕೆ ತೋರುಬೆರಳು. ನಾಲ್ಕೂ ಬೆರಳಿಗೆ ಕೆಲಸ ಸಿಗುತ್ತದೆ. ಸೋಮಾರಿ ಕಿರುಬೆರಳು ಕೂಡ ತಪ್ಪಿಸಿಕೊಳ್ಳುವ ಹಾಗಿಲ್ಲ.

ತಾಳದ ಬಡಿತ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಒಂದು ಬಡಿತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಸಂಗೀತ ಪಾಠದ ಮೂರು ಕಾಲ ಇದೇ. ಮೆಟ್ರೊನೋಮ್ ವೇಗ ಒಂದೇ, ನೀವು ಮಾತ್ರ ದುಪ್ಪಟ್ಟಾಗುತ್ತೀರಿ. ಮೂರನೇ ಕಾಲದಲ್ಲಿ ಸ್ವರ ಒರಟಾದರೆ 50ಕ್ಕೆ ಇಳಿಸಿ. ನಾಚಿಕೆ ಏನಿಲ್ಲ.

ಈಗ ಸಂದು. ಬಾಗಿಲು ಮಾಡುವ ಬಡಗಿಯನ್ನು ಕೇಳಿ. ಹಲಗೆ ನಯ ಮಾಡುವುದು ಯಾರಿಗಾದರೂ ಬರುತ್ತದೆ, ಕೆಲಸ ಗೊತ್ತಾಗುವುದು ಎರಡು ಹಲಗೆ ಸೇರುವ ಸಂದಿನಲ್ಲಿ ಅನ್ನುತ್ತಾನೆ. ನಿಮಗೆ ಸಿ ಬರುತ್ತದೆ, ಜಿ ಬರುತ್ತದೆ. ಸಿ-ಯಿಂದ ಜಿ-ಗೆ ಹೋಗುವುದು ಬರುವುದಿಲ್ಲ. ಅದನ್ನು ಬೇರೆ ಪಾಠ ಅಂತಲೇ ತಿಳಿದು ಕಲಿಯಬೇಕು.

ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಎರಡೇ ಕಾರ್ಡ್ ತಗೊಳ್ಳಿ. ಒಂದಕ್ಕೆ ಹೋಗಿ ಒಂದು ಸಲ ಮೀಟಿ, ಇನ್ನೊಂದಕ್ಕೆ ಬಂದು ಒಂದು ಸಲ ಮೀಟಿ. ತಲುಪಿದ್ದೆಲ್ಲ ಎಣಿಸಿ, ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಮೊದಲ ದಿನ 12 ಬರಬಹುದು, 9 ಬರಬಹುದು. ಗುರಿ 30 ಇರಲಿ. ಅದೇಕೆ 30 ಅಂದರೆ, ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ನಾಲ್ಕು ಬಡಿತಕ್ಕೊಂದು ಕಾರ್ಡ್ ಬದಲಾದರೆ ನಿಮಿಷಕ್ಕೆ 30 ಬದಲಾವಣೆ. ಅಷ್ಟು ಬಂದರೆ ನೀವು ಬಾರಿಸಬೇಕು ಅಂತಿರುವ ಬಹುತೇಕ ಹಾಡು ನಿಲ್ಲದೆ ನಡೆಯುತ್ತದೆ.

ಎಣಿಸುವ ಮುಂಚೆ ಒಂದು ಸಲ ಬೆರಳುಗಳನ್ನು ಗಮನಿಸಿ. ಸಿ-ಯಿಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳು, ನಡುಬೆರಳು ಎರಡೂ ಇದ್ದಲ್ಲೇ ಇರುತ್ತವೆ. ಉಂಗುರಬೆರಳು ಮಾತ್ರ ಐದನೇ ತಂತಿ ಬಿಟ್ಟು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬರಬೇಕು. ಅಷ್ಟಕ್ಕೆ ಎಷ್ಟೋ ಜನ ಇಡೀ ಕೈ ಎತ್ತಿ, ಗಾಳಿಯಲ್ಲಿ ಆಡಿಸಿ, ಮತ್ತೆ ಮೂರೂ ಬೆರಳು ಇಡುತ್ತಾರೆ. ಮನೆಯಲ್ಲಿ ಒಂದು ಕುರ್ಚಿ ಸರಿಸುವುದಕ್ಕೆ ಎಲ್ಲ ಸಾಮಾನು ಬೀದಿಗೆ ಹಾಕಿದ ಹಾಗೆ. ಪ್ರತಿ ಸಂದಿನಲ್ಲೂ ಯಾವ ಬೆರಳು ಕದಲಬೇಕಾಗಿಲ್ಲ ಅಂತ ಮೊದಲು ಹುಡುಕಿ.

ಮೂರು ಸಂದು ಆರಿಸಿಕೊಳ್ಳಿ. ನಿಮಗಾದರೆ ಸಿ-ಜಿ, ಜಿ-ಡಿ, ಎ ಮೈನರ್-ಎಫ್ ಅಂತ ನನ್ನ ಊಹೆ. ಒಂದೊಂದಕ್ಕೆ ಒಂದು ನಿಮಿಷ, ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು. ಒಂದನ್ನೇ ಎಂಟು ನಿಮಿಷ ಉಜ್ಜಬೇಡಿ. ಹಾಗೆ ಉಜ್ಜಿದರೆ ಆ ಹೊತ್ತಿಗೆ ಚೆನ್ನಾಗಿ ಬಂದ ಹಾಗೆ ಕಾಣುತ್ತದೆ, ಮಾರನೇ ದಿನ ಮಾಯ. ಬೇರೆ ಬೇರೆ ಕೈಚಳಕಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ಆ ಕ್ಷಣಕ್ಕೆ ಹಿಂದೆ ಬಿದ್ದ ಹಾಗೆ ಕಂಡರೂ, ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಮುಂದಿದ್ದರು ಅಂತ 1979ರಲ್ಲೇ ಶೇ ಮತ್ತು ಮೋರ್ಗನ್ ಅನ್ನುವ ಇಬ್ಬರು ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಅಭ್ಯಾಸದ ಹೊತ್ತಿನಲ್ಲಿ ಸ್ವಲ್ಪ ಗಲಿಬಿಲಿ ಆದರೆ ಹೆದರಬೇಡಿ.

ಎಫ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಗಿಟಾರ್ ಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟಿದ್ದು ಇಲ್ಲೇ. ಬಾರ್ ಕಾರ್ಡ್ ಅಂದರೆ ತೋರುಬೆರಳಿನಿಂದ ಆರೂ ತಂತಿಯನ್ನು ಅದುಮಬೇಕು ಅಂತ ತಿಳಿದು ಎಲ್ಲರೂ ಬೆರಳು ಮುರಿಯುವ ಹಾಗೆ ಒತ್ತುತ್ತಾರೆ. ಎಫ್ ಹಿಡಿದು ನೋಡಿ. ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ಮುಂದಿನ ಫ್ರೆಟ್‌ಗಳಲ್ಲಿ ಹಿಡಿದಿವೆ. ತೋರುಬೆರಳು ನಿಜವಾಗಿ ಒತ್ತಬೇಕಾದದ್ದು ಆರನೆಯದು, ಎರಡನೆಯದು, ಒಂದನೆಯದು, ಮೂರೇ ತಂತಿ. ನಡುವಿನ ಭಾಗ ಸುಮ್ನೆ ಒರಗಿದ್ದರೆ ಸಾಕು. ಬೆರಳನ್ನು ಸ್ವಲ್ಪ ಹೆಬ್ಬೆರಳಿನ ಕಡೆಯ ಪಕ್ಕಕ್ಕೆ ಹೊರಳಿಸಿ, ಅಲ್ಲಿ ಮೂಳೆ ಗಟ್ಟಿ ಇರುತ್ತದೆ. ಹೆಬ್ಬೆರಳಿನಿಂದ ಹಿಂಡಬೇಡಿ. ಮೊಣಕೈಯ ಭಾರ ಹಿಂದಕ್ಕೆ ಎಳೆಯಲಿ.

ಇಷ್ಟು ಮಾಡಿದರೂ ಮೊದಲನೇ ಫ್ರೆಟ್‌ನಲ್ಲಿ ಬಾರ್ ಹಿಡಿಯುವುದು ಇಡೀ ಗಿಟಾರಿನಲ್ಲೇ ಕಷ್ಟದ ಜಾಗ. ಗಿಟಾರಿನ ತಲೆ ಕಡೆ ತಂತಿ ಕೂತಿರುವ ಪಟ್ಟಿ, ಅಂದರೆ ನಟ್, ಪಕ್ಕದಲ್ಲೇ ಇರುವುದರಿಂದ ತಂತಿ ಬಗ್ಗುವುದಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡಬೇಡಿ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅದು ಎ ಕಾರ್ಡ್ ಆಗುತ್ತದೆ. ಅಲ್ಲಿ ಆರೂ ತಂತಿ ಸ್ವಚ್ಛವಾಗಿ ಕೇಳಿದ ಮೇಲೆ ನಾಲ್ಕಕ್ಕೆ ಬನ್ನಿ. ವಾರಕ್ಕೊಂದು ಫ್ರೆಟ್ ಇಳಿದರೆ ಒಂದು ತಿಂಗಳಲ್ಲಿ ಮನೆ ಸೇರುತ್ತೀರಿ. ಅಲ್ಲಿಯವರೆಗೆ ಹಾಡಿನಲ್ಲಿ ಸಣ್ಣ ಎಫ್ ಹಿಡಿಯಿರಿ. ನಾಲ್ಕನೇ ತಂತಿಯ ಮೂರನೇ ಫ್ರೆಟ್, ಮೂರನೆಯದರ ಎರಡು, ಎರಡನೆಯದರ ಒಂದು, ಒಂದನೇ ತಂತಿ ಖಾಲಿ. ಇದು ಪೂರ್ತಿ ಎಫ್ ಅಲ್ಲ, ಎಫ್ ಮೇಜರ್ ಸೆವೆನ್. ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದ ಹತ್ತು ಜನ ಏನೂ ಅನ್ನುವುದಿಲ್ಲ.

ಬೆರಳ ತುದಿ ಉರಿದರೆ ಪರವಾಗಿಲ್ಲ. ಮಣಿಕಟ್ಟು ಅಥವಾ ಮುಂಗೈ ನೋವು ಬಂದರೆ ಅವತ್ತಿಗೆ ಗಿಟಾರ್ ಗೋಡೆಗೆ ಹಾಕಿಬಿಡಿ. ಇಲ್ಲಿ ಹಟ ಮಾಡಬೇಡಿ.

ಉಳಿದ ಹನ್ನೆರಡು ನಿಮಿಷ ಹಾಡಿಗೆ. ಮೂರರಲ್ಲಿ ಒಂದೇ ಹಾಡು ಇಟ್ಟುಕೊಳ್ಳಿ, ಉಳಿದ ಎರಡಕ್ಕೆ ರಜೆ ಕೊಡಿ. ಸಾಹಿತ್ಯ ಬರೆದ ಹಾಳೆಯಲ್ಲಿ ನೀವು ಪ್ರತಿ ಸಲ ಎಡವುವ ಜಾಗಕ್ಕೆ ಕೆಂಪು ಗುರುತು ಹಾಕಿ. ಪಾಠ ಅಲ್ಲಿಂದ ಶುರು. ಎಡವುವ ಕಾರ್ಡಿನ ಹಿಂದಿನ ನಾಲ್ಕು ಬಡಿತ, ಮುಂದಿನ ನಾಲ್ಕು ಬಡಿತ, ಇಷ್ಟನ್ನೇ ಬಾರಿಸಿ. ತಪ್ಪೇ ಆಗದಷ್ಟು ನಿಧಾನಕ್ಕೆ ಬಾರಿಸಿ. ಎಷ್ಟು ನಿಧಾನ ಅಂದರೆ ಹಾಡು ಯಾವುದು ಅಂತ ಮನೆಯವರಿಗೆ ಗೊತ್ತಾಗಬಾರದು. ಸತತ ಮೂರು ಸಲ ಸರಿ ಬಂದರೆ ಮೆಟ್ರೊನೋಮ್ ಐದು ಏರಿಸಿ. ತಪ್ಪಿದರೆ ಐದು ಇಳಿಸಿ. ಈ ಜಾಗ ಹದಕ್ಕೆ ಬಂದ ಮೇಲೆ ಒಂದು ಸಾಲು ಹಿಂದಕ್ಕೆ ಹೋಗಿ, ಅಲ್ಲಿಂದ ಇದರ ಮೇಲೆ ಹಾದು ಬನ್ನಿ. ಹಿಂದಿನಿಂದ ಮುಂದಕ್ಕೆ ಹೀಗೆ ಕಟ್ಟುತ್ತಾ ಬಂದರೆ ಹಾಡಿನ ಎರಡನೇ ಅರ್ಧ ಮೊದಲರ್ಧಕ್ಕಿಂತ ಚೆನ್ನಾಗಿ ಬರಲು ಶುರುವಾಗುತ್ತದೆ. ನಿಮಗೇ ವಿಚಿತ್ರ ಅನ್ನಿಸುತ್ತದೆ.

ಕೊನೆಯ ಮೂರು ನಿಮಿಷ ಹಾಡು ಪೂರ್ತಿ, ಒಂದೇ ಸಲ, ಏನೇ ಆದರೂ ನಿಲ್ಲಿಸದೆ. ಇಲ್ಲಿ ಕಾನೂನು ಬದಲಾಗುತ್ತದೆ. ಇಷ್ಟು ಹೊತ್ತು ಎಡಗೈ ತಪ್ಪು ಮಾಡಬಾರದು ಅಂತಿತ್ತು, ಈಗ ಬಲಗೈ ನಿಲ್ಲಬಾರದು. ಕಾರ್ಡ್ ಸಿಗಲಿಲ್ಲವಾ, ಖಾಲಿ ತಂತಿ ಮೇಲಾದರೂ ಕೈ ಆಡುತ್ತಿರಲಿ, ಮುಂದಿನ ಕಾರ್ಡಿಗೆ ಸೇರಿಕೊಳ್ಳಿ. ಕಾರ್ಡ್ ಬದಲಿಸುವ ಮುಂಚಿನ ಕೊನೆಯ ಮೇಲ್ಮುಖ ಮೀಟನ್ನು ಒಳ್ಳೊಳ್ಳೆಯ ಗಿಟಾರಿಸ್ಟ್‌ಗಳೇ ಖಾಲಿ ತಂತಿ ಮೇಲೆ ಬಾರಿಸಿಬಿಡುತ್ತಾರೆ. ಕೇಳುವವರಿಗೆ ತಪ್ಪು ಸ್ವರ ಅರ್ಧ ಕ್ಷಣದಲ್ಲಿ ಮರೆತುಹೋಗುತ್ತದೆ, ತಾಳ ನಿಂತದ್ದು ಮರೆಯುವುದಿಲ್ಲ. ಇದನ್ನು ನಾನು ಕಲಿತದ್ದು ಕಾಲೇಜಿನ ವಾರ್ಷಿಕೋತ್ಸವದಲ್ಲಿ. ವೇದಿಕೆ ಮೇಲೆ ಒಂದು ಬಿ ಮೈನರ್ ಸಿಗದೆ ಪೂರ್ತಿ ನಿಂತುಬಿಟ್ಟೆ. ಹಾಡುತ್ತಿದ್ದ ಹುಡುಗಿ ಒಬ್ಬಳೇ ಮುಂದೆ ಹೋದಳು. ನಾನು ಮತ್ತೆ ಸೇರಿಕೊಂಡದ್ದು ಚಪ್ಪಾಳೆ ಹೊತ್ತಿಗೆ.

ರಾತ್ರಿ ಸದ್ದಾಗುತ್ತದೆ ಅಂತ ಮನೆಯಲ್ಲಿ ಗೊಣಗಿದರೆ ಬ್ರಿಡ್ಜ್ (ಗಿಟಾರಿನ ಹೊಟ್ಟೆಯ ಮೇಲೆ ತಂತಿ ಕಟ್ಟಿರುವ ಪಟ್ಟಿ) ಹತ್ತಿರ ತಂತಿಗಳ ಕೆಳಗೆ ಒಂದು ಕರ್ಚೀಫು ತುರುಕಿ. ಸದ್ದು ಟಕಟಕ ಅನ್ನುವಷ್ಟಕ್ಕೆ ಇಳಿಯುತ್ತದೆ. ಸಂದಿನ ಅಭ್ಯಾಸಕ್ಕೆ ಅಷ್ಟು ಸಾಕು.

ರೈಲಿನ ಸಮಯವನ್ನೂ ಬಿಡಬೇಡಿ. ಅಲ್ಲಿ ಗಿಟಾರ್ ಇಲ್ಲದಿದ್ದರೂ ಅಭ್ಯಾಸ ನಡೆಯುತ್ತದೆ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಿಯಾನೋ ಗೊತ್ತಿಲ್ಲದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಐದು ದಿನ, ದಿನಕ್ಕೆ ಎರಡು ಗಂಟೆ. ಒಂದು ಗುಂಪು ಬಾರಿಸಿತು, ಇನ್ನೊಂದು ಗುಂಪು ಮನಸ್ಸಿನಲ್ಲೇ ಬಾರಿಸಿತು. ಮನಸ್ಸಿನಲ್ಲಿ ಬಾರಿಸಿದವರೂ ಸುಧಾರಿಸಿದರು, ಆದರೆ ಬಾರಿಸಿದವರಷ್ಟಲ್ಲ. ಆಮೇಲೆ ಒಂದೇ ಸಲ ಎರಡು ಗಂಟೆ ನಿಜವಾಗಿ ಬಾರಿಸಿ ಅವರನ್ನು ಹಿಡಿದುಬಿಟ್ಟರು. ಸೀಟು ಸಿಕ್ಕಿದ ದಿನ ಕಣ್ಣು ಮುಚ್ಚಿ, ಎಡಗೈ ಬೆರಳುಗಳನ್ನು ಬಲ ಮುಂಗೈ ಮೇಲೆ ಇಟ್ಟು ಎ ಮೈನರ್-ಎಫ್ ಬದಲಿಸಿ. ಸೀಟು ಸಿಗದ ದಿನ, ಅಂದರೆ ಹೆಚ್ಚಿನ ದಿನ, ಇಯರ್‌ಫೋನಿನಲ್ಲಿ ನಿಮ್ಮ ಹಾಡು ಕೇಳುತ್ತಾ ಕಾಲಿನಲ್ಲಿ ತಾಳ ಹಾಕಿ. ಕಾರ್ಡ್ ಎಷ್ಟನೇ ಬಡಿತಕ್ಕೆ ಬದಲಾಗುತ್ತದೆ ಅಂತ ಎಣಿಸಿ. ಪಕ್ಕದವರು ನೋಡಿದರೆ ನೋಡಲಿ.

ಭಾನುವಾರ ಈ ಲೆಕ್ಕ ಯಾವುದೂ ಬೇಡ. ಅವತ್ತು ಮನಸ್ಸಿಗೆ ಬಂದದ್ದು ಬಾರಿಸಿ, ಹೊಸ ಹಾಡು ಹುಡುಕಿ, ಆ ಎರಡು ಹಾಡಿಗೂ ರಜೆ ಮುಗಿಸಿ. ಕೊನೆಗೆ ವಾರದ ಹಾಡನ್ನು ಒಂದು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಬಾರಿಸುವಾಗ ಕಿವಿ ನಮ್ಮ ಪರ ವಕಾಲತ್ತು ಮಾಡುತ್ತದೆ. ಫೋನು ಹಾಗಲ್ಲ.

ತೀರ ಸುಸ್ತಾದ ದಿನ ಟ್ಯೂನ್ ಮಾಡಿ, ಒಂದೇ ಒಂದು ಸಂದು ಒಂದು ನಿಮಿಷ ಎಣಿಸಿ, ಬರೆದು ಮಲಗಿ. ಸೊನ್ನೆ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನು ಗಿಟಾರ್ ಬದಲಿಸುವ ಮಾತು. ಅಂಗಡಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೊದಲನೇ ಫ್ರೆಟ್‌ಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್) ಹಾಕಿ, ಅದರ ಮುಂದಿನ ಫ್ರೆಟ್‌ನಲ್ಲಿ ಎಫ್ ಆಕಾರ ಹಿಡಿಯಿರಿ. ಕೇಪೋ ಇಲ್ಲದಾಗ ಆಗದ್ದು ಈಗ ಸಲೀಸಾಗಿ ಬಂತು ಅಂದರೆ ತಪ್ಪು ನಿಮ್ಮ ಕೈಯದಲ್ಲ. ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳು ಸಾಕಷ್ಟು ಆಳವಿಲ್ಲ, ಅಗ್ಗದ ಗಿಟಾರುಗಳಲ್ಲಿ ಇದು ಮಾಮೂಲು. ಇನ್ನೊಂದು ರೀತಿಯಲ್ಲೂ ನೋಡಬಹುದು. ಒಂದು ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಒಂದು ಹಾಳೆಯಷ್ಟು ಸಂದಿ ಇದ್ದರೆ ಸರಿ. ಪೋಸ್ಟ್ ಕಾರ್ಡ್ ತೂರಿದರೆ ಜಾಸ್ತಿ ಆಯಿತು. ಹಾಗೇ ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ ಸ್ಕೇಲಿನಲ್ಲಿ ಅಳೆಯಿರಿ. ಸುಮಾರು ಎರಡೂವರೆ ಮಿ.ಮೀ. ಇದ್ದರೆ ಚೆನ್ನ, ನಾಲ್ಕು ಇದ್ದರೆ ಅಂಥ ಗಿಟಾರಿನಲ್ಲಿ ನಾನೂ ಎಫ್ ಹಿಡಿಯಲಾರೆ. ಇದನ್ನು ಸರಿ ಮಾಡುವ ರಿಪೇರಿಯವರು ಬೆಂಗಳೂರಿನಲ್ಲಿ ಸಿಗುತ್ತಾರೆ, ಹೇಗೂ ದಿನಾ ಹೋಗುತ್ತೀರಲ್ಲ. ಹೊಸ ಗಿಟಾರಿಗಿಂತ ತುಂಬ ಕಮ್ಮಿ ಖರ್ಚು. ಅದೇ ಕೈಗೆ ತಂತಿಗಳನ್ನೂ ಬದಲಿಸಲು ಹೇಳಿ. ಈಗ 12ರ ಸೆಟ್ ಇದ್ದರೆ ಅದಕ್ಕಿಂತ ತೆಳ್ಳಗಿನ 10ರದ್ದು ಹಾಕಿಸಿ. ಒಂದೂವರೆ ವರ್ಷದಿಂದ ಅದೇ ತಂತಿ ಇರಬೇಕು, ಅಲ್ವಾ?